ಹಟ್ಟಿ–ಮಸ್ಕಿ ಪ್ರದೇಶದ ಹಳೆಗಣಿಗಳು ಮತ್ತು ಗವಿಗಳು

ಹಟ್ಟಿ–ಮಸ್ಕಿ ಪ್ರದೇಶದ ಹಳೆಗಣಿಗಳು ಮತ್ತು ಗವಿಗಳು ಕರ್ನಾಟಕದ ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಹಾಗೂ ಸುತ್ತಲಿನ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ಪ್ರಾಚೀನ ಚಿನ್ನದ ಗಣಿಗಳ ಅವಶೇಷಗಳು ಮತ್ತು ಬಂಡೆಗಳ ನಡುವಿನ ನೈಸರ್ಗಿಕ ಆಶ್ರಯಗಳಾಗಿವೆ. ಭೂವಿಜ್ಞಾನ, ಪ್ರಾಗೈತಿಹಾಸ ಮತ್ತು ಗಣಿಗಾರಿಕೆಯ ಇತಿಹಾಸ ಈ ಮೂರೂ ಒಂದೇ ನೆಲದಲ್ಲಿ ಕೂಡಿಬಂದಿರುವುದರಿಂದ ಈ ಪ್ರದೇಶವು ಅಧ್ಯಯನಕಾರರ ಗಮನವನ್ನು ಸೆಳೆದಿದೆ. ಸಾಮ್ರಾಟ ಅಶೋಕನ ಹೆಸರನ್ನು ನೇರವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವರು ಇತಿಹಾಸಕಾರರಲ್ಲ. ಚಿನ್ನದ ಗಣಿಗಳಿಗೆ ಸಂಬಂಧಿಸಿದ ಸಿ. ಬೀಡನ್ ಎಂಬ ಎಂಜಿನಿಯರ್. ಭಾರತದಲ್ಲಿ ಇಂದಿಗೂ ಚಿನ್ನವನ್ನು ಉತ್ಪಾದಿಸುತ್ತಿರುವ ಪ್ರಮುಖ ಗಣಿಯಾದ ಹಟ್ಟಿ ಚಿನ್ನದ ಗಣಿಯೂ ಇದೇ ಪ್ರದೇಶದಲ್ಲಿದೆ.

ಭೌಗೋಳಿಕ ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಭೂಭಾಗವನ್ನು ರಾಯಚೂರು ದೋಆಬ್ ಎಂದು ಕರೆಯಲಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮಾನ್ವಿ, ದೇವದುರ್ಗ ಮೊದಲಾದ ಊರುಗಳು ಈ ದೋಆಬಿನಲ್ಲಿವೆ. ಗೊರೇಬಾಳ ಎಂಬ ಹೆಸರಿನ ಊರುಗಳೂ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿವೆ. ಈ ಊರುಗಳಿಂದ ಮಸ್ಕಿಯ ಬೆಟ್ಟ, ಹಟ್ಟಿಯ ಗಣಿ, ಮುದಗಲ್ಲಿನ ಕೋಟೆ ಇವೆಲ್ಲವೂ ಒಂದು ದಿನದ ಪ್ರಯಾಣದೊಳಗೆ ತಲುಪಬಹುದಾದ ಸ್ಥಳಗಳಾಗಿವೆ.

ಮೇಲ್ನೋಟಕ್ಕೆ ಇದು ಬಯಲುಸೀಮೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಳೆಯುವ ಭತ್ತದ ಗದ್ದೆಗಳು ಕಂಡುಬಂದರೆ, ಲಿಂಗಸುಗೂರಿನ ಕಡೆ ಸಾಗಿದಂತೆ ಒಣಬೇಸಾಯದ ಹೊಲಗಳು, ನಡುನಡುವೆ ಗುಂಡುಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ತೋರುವ ಬೋಳುಗುಡ್ಡಗಳು ಕಾಣಿಸುತ್ತವೆ. ಕೆಲವೆಡೆ ಮಣ್ಣು ಕೆಂಪಾಗಿಯೂ ಮರಳುಮರಳಾಗಿಯೂ ಇದ್ದು, ಕೆಲವೆಡೆ ಕಪ್ಪಾಗಿ ಜಿಗುಟಾಗಿದೆ. ಈ ವ್ಯತ್ಯಾಸಕ್ಕೆ ನೆಲದಡಿಯ ಶಿಲೆಗಳ ವ್ಯತ್ಯಾಸವೂ ಒಂದು ಮುಖ್ಯ ಕಾರಣವಾಗಿದೆ. ಸಾಮಾನ್ಯವಾಗಿ ಕಣಶಿಲೆ ಅಂದರೆ ಗ್ರಾನೈಟ್ ಶಿಥಿಲವಾದಲ್ಲಿ ಕೆಂಪು ಮರಳುಮಣ್ಣು ಉಂಟಾಗುತ್ತದೆ; ಲಾವಾದಿಂದ ಹುಟ್ಟಿದ ಕಪ್ಪುಶಿಲೆ ಶಿಥಿಲವಾದಲ್ಲಿ ಎರೆಮಣ್ಣು ಉಂಟಾಗುತ್ತದೆ.

ಭೂವೈಜ್ಞಾನಿಕ ರಚನೆ

ದಕ್ಷಿಣ ಭಾರತದ ಪ್ರಸ್ಥಭೂಮಿಯ ತಳಪಾಯವು ಭೂಮಿಯ ಅತ್ಯಂತ ಹಳೆಯ ಶಿಲೆಗಳಿಂದ ಕೂಡಿದೆ. ಈ ತಳಪಾಯದ ಕರ್ನಾಟಕ ಭಾಗವನ್ನು ಧಾರವಾಡ ಕ್ರೇಟಾನ್ ಎನ್ನುತ್ತಾರೆ. ವಿಶಾಲವಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಹಾಸಿನ ನಡುವೆ ಕಿರಿದಾದ ಪಟ್ಟಿಗಳಂತೆ ಪದರಶಿಲೆಗಳು ಅಂದರೆ ಶಿಸ್ಟ್ ಶಿಲೆಗಳು ಉಳಿದುಕೊಂಡಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟ್ (1834–1912) 1880ರ ದಶಕದಲ್ಲಿ ಇಂತಹ ಪದರಶಿಲೆಗಳ ಸಮೂಹಕ್ಕೆ 'ಧಾರವಾಡ' ಎಂಬ ಹೆಸರನ್ನು ಬಳಕೆಗೆ ತಂದರು. ಕೋಲಾರ, ಗದಗ, ಹಟ್ಟಿ ಈ ಮೂರೂ ಕಡೆಯ ಚಿನ್ನವು ಇಂತಹ ಪಟ್ಟಿಗಳಲ್ಲಿಯೇ ದೊರೆತಿರುವುದು ಆಕಸ್ಮಿಕವಲ್ಲ.

ಹಟ್ಟಿ–ಮಸ್ಕಿ ಶಿಲಾಪಟ್ಟಿಯು ನಕ್ಷೆಯಲ್ಲಿ ಕೊಕ್ಕೆಯ ಆಕಾರದಲ್ಲಿ ಕಾಣುತ್ತದೆ. ಇದರ ಬಹುಭಾಗವು ಸಮುದ್ರದಡಿ ಉಕ್ಕಿ ಹರಿದ ಬಸಾಲ್ಟ್ ಲಾವಾ ಆಗಿದ್ದು, ಮುಂದೆ ಶಾಖ ಮತ್ತು ಒತ್ತಡಗಳಿಂದ ರೂಪಾಂತರ ಹೊಂದಿದೆ. ಪಟ್ಟಿಯ ಸುತ್ತಲೂ ಗ್ರಾನೈಟ್ ಆವರಿಸಿದೆ. ಪೂರ್ವದ ಕವಿತಾಳದ ಸುತ್ತಲಿನ ಗ್ರಾನೈಟ್ ಇದಕ್ಕೆ ಒಂದು ಉದಾಹರಣೆ. ಭೂಚಲನೆಯಿಂದ ಶಿಲೆಗಳು ಒಂದರ ಮೇಲೊಂದು ಜಾರಿದಾಗ ಉಂಟಾದ ಬಿರುಕುವಲಯಗಳಲ್ಲಿ ಆಳದಿಂದ ಬಿಸಿನೀರು ಮೇಲೇರಿತು. ಆ ನೀರಿನಲ್ಲಿ ಕರಗಿದ್ದ ಸಿಲಿಕಾ ಬೆಣಚುಕಲ್ಲಾಗಿ ಘನೀಭವಿಸಿತು. ಅದರೊಂದಿಗೆ ಚಿನ್ನ, ಪೈರೈಟ್ ಮತ್ತು ಆರ್ಸೆನೊಪೈರೈಟ್ ಎಂಬ ಗಂಧಕಯುಕ್ತ ಖನಿಜಗಳೂ ಸಂಗ್ರಹವಾದವು. ಈ ಘಟನೆ ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ.

ಹೀಗೆ ಉಂಟಾದ ಚಿನ್ನಯುಕ್ತ ಶಿಲಾಸಿರೆಗಳನ್ನು ಗಣಿಯವರು 'ರೀಫ್' ಎನ್ನುತ್ತಾರೆ. ಹಟ್ಟಿಯಲ್ಲಿ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುವ ಹಲವು ರೀಫ್‌ಗಳಿದ್ದು, ಅವು ಪಶ್ಚಿಮದ ಕಡೆಗೆ ಕಡಿದಾಗಿ ವಾಲಿಕೊಂಡು ಆಳಕ್ಕೆ ಇಳಿಯುತ್ತವೆ. ಓಕ್ಲೀಸ್ ರೀಫ್, ಮಿಡ್ಲ್ ರೀಫ್, ವಿಲೇಜ್ ರೀಫ್, ಸ್ಟ್ರೈಕ್ ರೀಫ್ ಮುಂತಾದವು ಅವುಗಳ ಹೆಸರುಗಳು. ರೀಫ್ ನೆಲದೊಳಗೆ ಹಲಗೆಯನ್ನು ನಿಲ್ಲಿಸಿದಂತೆ ಇರುವುದರಿಂದ ಅದನ್ನು ತೆಗೆದಾಗ ಉಳಿಯುವ ಹೊಳ್ಳೂ ಅಗಲ ಕಿರಿದಾಗಿಯೂ ಉದ್ದ ಮತ್ತು ಆಳಗಳು ಹಿರಿದಾಗಿಯೂ ಇರುತ್ತದೆ. ಹಳೆಗಣಿಗಳು ನೆಲದ ಮೇಲೆ ಉದ್ದನೆಯ ಬಿರುಕಿನಂತೆ ಅಥವಾ ಸಾಲಾದ ಗುಂಡಿಗಳಂತೆ ತೋರುವುದಕ್ಕೆ ಇದೇ ಕಾರಣ.

ಗವಿ ಮತ್ತು ಹಳೆಗಣಿ: ಗುರುತಿಸುವ ಬಗೆ

ಈ ಭಾಗದಲ್ಲಿ ನೆಲದೊಳಗಿನ ಪ್ರತಿಯೊಂದು ಪೊಳ್ಳನ್ನೂ 'ಗವಿ' ಅಥವಾ 'ಸುರಂಗ' ಎಂದು ಕರೆಯುವುದು ರೂಢಿ. ಭೂವಿಜ್ಞಾನದ ದೃಷ್ಟಿಯಿಂದ ಇವುಗಳಲ್ಲಿ ಮೂರು ಬಗೆಗಳನ್ನು ಬೇರ್ಪಡಿಸುವುದು ಅವಶ್ಯ.

ಮೊದಲನೆಯದು ಸುಣ್ಣಕಲ್ಲಿನ ಗುಹೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗಿ ಸುಣ್ಣಕಲ್ಲನ್ನು ಸಾವಕಾಶವಾಗಿ ಕರಗಿಸುವುದರಿಂದ ಇಂತಹ ಗುಹೆಗಳು ಹುಟ್ಟುತ್ತವೆ. ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯ ಬೇಲಂ ಗುಹೆ ಇದಕ್ಕೆ ಉತ್ತಮ ಉದಾಹರಣೆ. 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ಗಮನಿಸಿದ್ದರು. 1982–83ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡವು ಇದನ್ನು ಕ್ರಮಬದ್ಧವಾಗಿ ಅಳೆಯಿತು. ಇದರ ಅಳೆಯಲ್ಪಟ್ಟ ಉದ್ದ 3,229 ಮೀಟರ್. ಹಟ್ಟಿ–ಮಸ್ಕಿ ಭಾಗದ ಗ್ರಾನೈಟ್ ಮತ್ತು ಪದರಶಿಲೆಗಳು ಹೀಗೆ ನೀರಿನಲ್ಲಿ ಕರಗುವಂತಹವಲ್ಲ. ಆದ್ದರಿಂದ ಇಲ್ಲಿ ಕಿಲೋಮೀಟರುಗಟ್ಟಲೆ ಸಾಗುವ, ಸುಣ್ಣದ ತೊಂಗಲುಗಳಿರುವ ಗುಹೆಗಳನ್ನು ನಿರೀಕ್ಷಿಸುವಂತಿಲ್ಲ.

ಎರಡನೆಯದು ಬಂಡೆಗವಿ. ಗ್ರಾನೈಟ್ ಬೆಟ್ಟಗಳು ಬಿರುಕುಗಳ ಜಾಲದಿಂದ ಚೌಕಾಕಾರವಾಗಿ ಸೀಳಿಕೊಂಡಿರುತ್ತವೆ. ನೆಲದಡಿ ನೀರು ಈ ಬಿರುಕುಗಳ ಮೂಲಕ ಹರಿದು ಅಂಚು ಮೂಲೆಗಳನ್ನು ಮೊದಲು ಕೊರೆಯುವುದರಿಂದ ಚೌಕಗಳು ದುಂಡಗಾಗುತ್ತವೆ. ಮುಂದೆ ನಡುವಿನ ಸಡಿಲಮಣ್ಣು ಕೊಚ್ಚಿಹೋದಾಗ ಗುಂಡುಬಂಡೆಗಳ ರಾಶಿ ಉಳಿಯುತ್ತದೆ. ಆ ಬಂಡೆಗಳ ನಡುವಣ ಸಂದುಗಳೇ ಬಂಡೆಗವಿಗಳು. ಅವು ಆಳವಾಗಿರುವುದಿಲ್ಲ; ಆದರೆ ಮಳೆ ಬಿಸಿಲುಗಳಿಂದ ರಕ್ಷಣೆ ನೀಡುವುದರಿಂದ ಸಾವಿರಾರು ವರ್ಷಗಳಿಂದ ಮನುಷ್ಯರಿಗೂ ಪ್ರಾಣಿಗಳಿಗೂ ಆಶ್ರಯವಾಗಿವೆ.

ಮೂರನೆಯದು ಹಳೆಗಣಿ. ಇದು ಮನುಷ್ಯನು ಅದಿರಿಗಾಗಿ ಅಗೆದದ್ದು. ಹಳೆಗಣಿಯ ಸಮೀಪದಲ್ಲಿ ಮೂರು ಕುರುಹುಗಳು ಸಾಮಾನ್ಯವಾಗಿ ಕಂಡುಬರುತ್ತವೆ: ಒಡೆದ ಬೆಣಚುಕಲ್ಲಿನ ಚೂರುಗಳ ದಿಬ್ಬ, ಹತ್ತಿರದ ಗಟ್ಟಿಬಂಡೆಯ ಮೇಲೆ ಅದಿರನ್ನು ಕುಟ್ಟಿದ ಒರಳಿನಂತಹ ಕುಳಿಗಳು, ಮತ್ತು ರೀಫ್‌ನ ದಿಕ್ಕನ್ನೇ ಅನುಸರಿಸಿ ಸಾಲಾಗಿ ಸಾಗುವ ಗುಂಡಿಗಳು. ಗೋಡೆಗಳನ್ನು ನೋಡಿ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. ಬೆಂಕಿಯಿಂದ ಕಲ್ಲನ್ನು ಒಡೆದ ಗಣಿಯ ಗೋಡೆಗಳು ಬೋಗುಣಿಯ ಒಳಮೈಯಂತೆ ನುಣುಪಾಗಿ ಬಾಗಿರುತ್ತವೆ. ಸಿಡಿಮದ್ದಿನ ಕಾಲದ ಗಣಿಯಲ್ಲಿ ಗೋಡೆಗಳು ಚೂಪುಚೂಪಾಗಿದ್ದು, ಬೈರಿಗೆಯಿಂದ ಕೊರೆದ ರಂಧ್ರಗಳ ಅರ್ಧಭಾಗ ಅಲ್ಲಲ್ಲಿ ಉಳಿದಿರುತ್ತದೆ. ಡೈನಮೈಟ್ ಬಳಕೆಗೆ ಬಂದದ್ದು 1867ರ ನಂತರವಾದ್ದರಿಂದ ಅಂತಹ ಗುರುತುಳ್ಳ ಸುರಂಗವನ್ನು ಪ್ರಾಚೀನವೆಂದು ಹೇಳಲಾಗದು.

ಪ್ರಾಚೀನ ಗಣಿಗಾರಿಕೆ

ಹಟ್ಟಿಯಲ್ಲಿ ಆಧುನಿಕ ಗಣಿಗಾರಿಕೆ ಆರಂಭವಾದಾಗ ಅದು ಹೊಸ ನೆಲವಾಗಿರಲಿಲ್ಲ. ಅಲ್ಲಿ ಅದಾಗಲೇ ಅಪಾರವಾದ ಹಳೆಯ ಅಗೆತವಿತ್ತು. ಹಟ್ಟಿಯ ಹಳೆಗಣಿಗಳು 640 ಅಡಿ, ಅಂದರೆ ಸುಮಾರು 195 ಮೀಟರ್ ಆಳದವರೆಗೆ ಇಳಿದಿದ್ದುವೆಂದು ಗಣಿತಜ್ಞರು ದಾಖಲಿಸಿದ್ದಾರೆ. ಇದು ಪ್ರಾಚೀನ ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಹಳೆಗಣಿಯೊಳಗೆ ದೊರೆತ ಮರದ ತುಂಡುಗಳನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು 1,900ರಿಂದ 2,000 ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ಅಂದರೆ ಕ್ರಿಸ್ತಶಕದ ಆರಂಭದ ಸುಮಾರಿಗೆ, ದಖ್ಖನಿನಲ್ಲಿ ಶಾತವಾಹನರ ಆಳ್ವಿಕೆಯಿದ್ದ ಕಾಲದಲ್ಲಿ, ಇಲ್ಲಿ ಆಳವಾದ ಗಣಿಗಾರಿಕೆ ನಡೆಯುತ್ತಿತ್ತು. ಮೇಲ್ಪದರದ ಅಗೆತ ಇದಕ್ಕಿಂತಲೂ ಹಿಂದಿನದಾಗಿರುವ ಸಾಧ್ಯತೆಯಿದೆ.

ಬ್ರಿಟಿಷ್ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಕಾಲ ಮತ್ತು ವಿಧಾನಗಳನ್ನು ಕುರಿತು ಪ್ರಕಟಿಸಿದ ಲೇಖನವು ಈ ವಿಷಯದ ಮುಖ್ಯ ಅಧ್ಯಯನಗಳಲ್ಲಿ ಒಂದಾಗಿದೆ. ಅದಕ್ಕೂ ಮೊದಲು ಹೈದರಾಬಾದ್ ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಲಿಯೋನಾರ್ಡ್ ಮನ್ ಅವರು ಹಳೆಗಣಿಗಳಿಗೂ ಬೃಹತ್ ಶಿಲಾಸಮಾಧಿಗಳಿಗೂ ಇರಬಹುದಾದ ಸಂಬಂಧವನ್ನು ಚರ್ಚಿಸಿದ್ದರು.

ಕಬ್ಬಿಣದ ಉಳಿ ಸುತ್ತಿಗೆಗಳಿಗೆ ಬೆಣಚುಕಲ್ಲು ಸುಲಭವಾಗಿ ಜಗ್ಗದು. ಅದಕ್ಕಾಗಿ ಬೆಂಕಿಯನ್ನು ಬಳಸಲಾಗುತ್ತಿತ್ತು. ಅದಿರಿನ ಮುಖಕ್ಕೆ ಕಟ್ಟಿಗೆಯನ್ನು ಒಟ್ಟಿ ಉರಿಸಿದಾಗ ಶಿಲೆಯ ಹೊರಮೈ ಒಳಮೈಗಿಂತ ಬೇಗನೆ ಹಿಗ್ಗಿ ಸೀಳುತ್ತದೆ. ಶಿಲೆಯಲ್ಲಿನ ಬೇರೆಬೇರೆ ಖನಿಜಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದೂ ಬಿರುಕಿಗೆ ನೆರವಾಗುತ್ತದೆ. ಸಡಿಲವಾದ ಚಕ್ಕೆಗಳನ್ನು ಅನಂತರ ಮೀಟಿ ತೆಗೆಯಬಹುದು. ಹಳೆಗಣಿಗಳಲ್ಲಿ ಇದ್ದಿಲು ಮತ್ತು ಬೂದಿ ದೊರೆಯುವುದಕ್ಕೆ ಇದೇ ಕಾರಣ. ಒಂದೇ ಕಂಡಿಯ ಗಣಿಯಲ್ಲಿ ಬೆಂಕಿ ಹಾಕಿದರೆ ಹೊಗೆ ಹೊರಹೋಗದು, ಹೊಸಗಾಳಿ ಒಳಬರದು. ಆದ್ದರಿಂದ ಒಂದು ಬಾಯಿಯಿಂದ ಗಾಳಿ ಒಳಬಂದು ಇನ್ನೊಂದರಿಂದ ಹೊಗೆ ಹೊರಹೋಗುವಂತೆ ಒಂದಕ್ಕಿಂತ ಹೆಚ್ಚು ಬಾಯಿಗಳು ಬೇಕಾಗುತ್ತಿದ್ದವು.

ಮೇಲೆ ತಂದ ಅದಿರನ್ನು ಗುಂಡುಕಲ್ಲುಗಳಿಂದ ಕುಟ್ಟಿ, ಅರೆದು, ನೀರಿನಲ್ಲಿ ತೊಳೆಯಲಾಗುತ್ತಿತ್ತು. ಚಿನ್ನವು ಬೆಣಚುಕಲ್ಲಿಗಿಂತ ಸುಮಾರು ಏಳು ಪಟ್ಟು ಸಾಂದ್ರವಾದ್ದರಿಂದ ಹಗುರವಾದ ಮರಳು ನೀರಿನೊಂದಿಗೆ ಹೋಗಿ ಚಿನ್ನದ ಪುಡಿ ತಳದಲ್ಲಿ ಉಳಿಯುತ್ತದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳನ್ನು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು 19ನೆಯ ಶತಮಾನದ ಬರಹಗಳು ದಾಖಲಿಸಿವೆ. ತತ್ತ್ವ ಎರಡೂ ಕಡೆ ಒಂದೇ.

ಪ್ರಾಚೀನರು ಮೇಲ್ಪದರದ ಅದಿರನ್ನೇ ಮೊದಲು ತೆಗೆದದ್ದಕ್ಕೆ ಭೂವೈಜ್ಞಾನಿಕ ಕಾರಣವೊಂದಿದೆ. ನೆಲದ ಸಮೀಪದಲ್ಲಿ ಗಾಳಿ ನೀರುಗಳ ಸಂಪರ್ಕದಿಂದ ಪೈರೈಟ್ ಮುಂತಾದ ಖನಿಜಗಳು ತುಕ್ಕುಹಿಡಿದು ಕರಗಿಹೋಗಿ, ಅವುಗಳಲ್ಲಿ ಸೆರೆಯಾಗಿದ್ದ ಚಿನ್ನ ಬಿಡುಗಡೆಯಾಗಿರುತ್ತದೆ. ಕಂದುಗೆಂಪಾದ ಈ ಪದರ ಮೃದುವೂ ಹೌದು. ಕೆಳಗಿಳಿದಂತೆ ಶಿಲೆ ಗಟ್ಟಿಯಾಗುತ್ತದೆ, ಅಂತರ್ಜಲ ಜಿನುಗುತ್ತದೆ, ಗಾಳಿ ಕಡಿಮೆಯಾಗುತ್ತದೆ. ಇಷ್ಟೆಲ್ಲ ಅಡಚಣೆಗಳಿದ್ದೂ 195 ಮೀಟರಿನವರೆಗೆ ಇಳಿದವರ ಹೆಸರಾಗಲಿ, ಅವರು ಯಾರ ಆಜ್ಞೆಯ ಮೇರೆಗೆ ದುಡಿದರೆಂಬುದಾಗಲಿ ಯಾವ ಶಾಸನದಲ್ಲಿಯೂ ಸ್ಪಷ್ಟವಾಗಿ ಉಳಿದಿಲ್ಲ. ಗಣಿಯ ಗೋಡೆ, ಇದ್ದಿಲು ಮತ್ತು ಮರದ ತುಂಡುಗಳೇ ಅವರ ಏಕೈಕ ದಾಖಲೆಗಳಾಗಿವೆ.

ಮಸ್ಕಿಯ ಗವಿ ಮತ್ತು ಅಶೋಕನ ಶಾಸನ

ಮಸ್ಕಿಯ ಪ್ರಾಗೈತಿಹಾಸಿಕ ಮಹತ್ವವನ್ನು ಮೊದಲು ಗಮನಿಸಿದವರು ರಾಬರ್ಟ್ ಬ್ರೂಸ್ ಫೂಟ್. ಶಿಲೆಗಳ ಸರ್ವೇಕ್ಷಣೆಗಾಗಿ ದೋಆಬಿನಲ್ಲಿ ಸಂಚರಿಸುತ್ತಿದ್ದ ಅವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಪ್ರಾಚೀನ ವಸ್ತುಗಳನ್ನು ಸಂಗ್ರಹಿಸಿದರು.

1915ರಲ್ಲಿ ಬೀಡನ್ ಅವರು ಮಸ್ಕಿಯ ದುರ್ಗದ ಗುಡ್ಡದಲ್ಲಿ, ಬಂಡೆಗಳ ನಡುವಿನ ಗವಿಯಂತಹ ಆಶ್ರಯದಲ್ಲಿ, ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಅದು ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಶಾಸನವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಇದನ್ನು ಸಂಪಾದಿಸಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲನೆಯ ಸಂಚಿಕೆಯಾಗಿ ಅದು 1915ರಲ್ಲಿಯೇ ಪ್ರಕಟವಾಯಿತು.

ಈ ಶೋಧದ ಮಹತ್ವವನ್ನು ತಿಳಿಯಲು ಹಿಂದಿನ ಸ್ಥಿತಿಯನ್ನು ನೆನೆಯಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಬಂಡೆ ಮತ್ತು ಕಂಬಗಳ ಶಾಸನಗಳಲ್ಲಿ ಕಾಣಿಸಿಕೊಂಡದ್ದು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಬಿರುದು ಮಾತ್ರ. ಶ್ರೀಲಂಕೆಯ ಪಾಳಿ ಗ್ರಂಥಗಳ ಆಧಾರದ ಮೇಲೆ ಆ ಅರಸನು ಅಶೋಕನೇ ಎಂದು ಜಾರ್ಜ್ ಟರ್ನರ್ ಗುರುತಿಸಿದ್ದರು. ಆದರೆ ಶಾಸನದಲ್ಲಿಯೇ ಆ ಹೆಸರು ದೊರೆತಿರಲಿಲ್ಲ. ಮಸ್ಕಿಯ ಬಂಡೆಯ ಮೇಲೆ 'ದೇವಾನಾಂಪ್ರಿಯ ಅಶೋಕ' ಎಂಬ ಹೆಸರು ಇದ್ದುದರಿಂದ ಸುಮಾರು ಎಂಟು ದಶಕಗಳ ಪ್ರಶ್ನೆಗೆ ಶಿಲೆಯ ಮೇಲಿನ ಉತ್ತರ ದೊರೆಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಭಾಗದ ನಿಟ್ಟೂರು ಮತ್ತು ಉಡೇಗೋಳಂ ಶಾಸನಗಳಲ್ಲಿಯೂ ಅಶೋಕನ ಹೆಸರು ಕಂಡುಬಂದಿತು. ಬಡವರಾಗಲಿ ಬಲ್ಲಿದರಾಗಲಿ ಧರ್ಮದಲ್ಲಿ ನಿರತರಾದರೆ ಶ್ರೇಯಸ್ಸನ್ನು ಪಡೆಯಬಹುದೆಂಬುದು ಮಸ್ಕಿ ಶಾಸನದ ತಾತ್ಪರ್ಯ.

ಅಶೋಕನ ಶಾಸನಗಳು ಕರ್ನಾಟಕದ ಈ ಭಾಗದಲ್ಲಿ ಇಷ್ಟೊಂದು ಸಂಖ್ಯೆಯಲ್ಲಿ ಏಕಿವೆ ಎಂಬ ಪ್ರಶ್ನೆಗೆ ಚಿನ್ನವೇ ಒಂದು ಕಾರಣವೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ 'ಸುವರ್ಣಗಿರಿ' ಎಂಬ ಆಡಳಿತ ಕೇಂದ್ರದ ಉಲ್ಲೇಖವಿದೆ. ಅದನ್ನು ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದೂ, ಕೆಲವರು ಮಸ್ಕಿಯೆಂದೂ, ಮತ್ತೆ ಕೆಲವರು ಆಂಧ್ರಪ್ರದೇಶದ ಜೊನ್ನಗಿರಿಯೆಂದೂ ಗುರುತಿಸುತ್ತಾರೆ. ಈ ವಿಷಯದಲ್ಲಿ ಒಮ್ಮತವಿಲ್ಲ.

1954ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಬಿ. ಕೆ. ಥಾಪರ್ ಅವರು ಮಸ್ಕಿಯಲ್ಲಿ ಉತ್ಖನನ ನಡೆಸಿದರು. ನವಶಿಲಾ–ತಾಮ್ರಶಿಲಾಯುಗ, ಬೃಹತ್ ಶಿಲಾಯುಗ, ಇತಿಹಾಸದ ಆರಂಭಕಾಲ ಮತ್ತು ಮಧ್ಯಕಾಲ ಹೀಗೆ ನಾಲ್ಕು ಹಂತಗಳ ಜನವಸತಿ ಅಲ್ಲಿ ಬೆಳಕಿಗೆ ಬಂದಿತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಸಮೀಪದ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು 1950ರ ದಶಕದ ಆರಂಭದಲ್ಲಿ ಉತ್ಖನನ ನಡೆಸಿದರು. ಅಲ್ಲಿನ ಗ್ರಾನೈಟ್ ಬಂಡೆಗಳ ಮೇಲೂ ಬಂಡೆಗವಿಗಳಲ್ಲಿಯೂ ಗೂಳಿ ಮೊದಲಾದ ಚಿತ್ರಗಳನ್ನು ಬರೆದಿರುವುದು ಮತ್ತು ಕುಟ್ಟಿ ಮೂಡಿಸಿರುವುದು ಕಂಡುಬರುತ್ತದೆ.

ಆಧುನಿಕ ಗಣಿಗಾರಿಕೆ

19ನೆಯ ಶತಮಾನದ ಕೊನೆಯ ಭಾಗದಲ್ಲಿ ನಿಜಾಮರ ಸಂಸ್ಥಾನದಲ್ಲಿ ಗಣಿ ಹಕ್ಕನ್ನು ಪಡೆದಿದ್ದ ಹೈದರಾಬಾದ್ (ಡೆಕ್ಕನ್) ಕಂಪನಿಯು ಹಳೆಗಣಿಗಳ ಜಾಡನ್ನು ಹಿಡಿದು ಚಿನ್ನದ ಶೋಧ ನಡೆಸಿತು. ವಂದಲಿ ಗಣಿ ಆ ಕಾಲದ್ದು. 20ನೆಯ ಶತಮಾನದ ಆದಿಯಲ್ಲಿ ಹಟ್ಟಿಯಲ್ಲಿ ಗಣಿ ಕೆಲಸ ನಡೆದು ಕೆಲವು ವರ್ಷಗಳ ನಂತರ ನಿಂತುಹೋಯಿತು. 1947ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಚಿನ್ನದ ಗಣಿ ಕಂಪನಿಯು 1956ರಲ್ಲಿ ರಾಜ್ಯ ಪುನರ್ವಿಂಗಡಣೆಯೊಂದಿಗೆ ಹಟ್ಟಿ ಚಿನ್ನದ ಗಣಿ ಕಂಪನಿಯೆಂಬ ಹೆಸರನ್ನು ಪಡೆಯಿತು. ಇದು ಈಗ ಕರ್ನಾಟಕ ಸರ್ಕಾರದ ಒಡೆತನದ ಉದ್ದಿಮೆ. ಮಲ್ಲಪ್ಪ ಶಾಫ್ಟ್ ಇಲ್ಲಿಯ ಪ್ರಮುಖ ಶಾಫ್ಟ್‌ಗಳಲ್ಲಿ ಒಂದು. ಕಾರ್ಮಿಕರು ಕೇಜ್‌ನಲ್ಲಿ ಇಳಿದು ಬೇರೆಬೇರೆ ಲೆವೆಲ್‌ಗಳಲ್ಲಿ ಕೆಲಸ ಮಾಡುತ್ತಾರೆ. ಊಟಿ ಮತ್ತು ಹಿರಾಬುದ್ದಿನ್ನಿಗಳಲ್ಲಿಯೂ ಕಂಪನಿಯ ಗಣಿಗಳಿವೆ.

ಕೋಲಾರದ ಗಣಿಗಳು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದು ಕೊನೆಗೆ 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಪಂಪ್‌ಗಳು ನಿಂತೊಡನೆ ಅಲ್ಲಿನ ಸುರಂಗಗಳಲ್ಲಿ ನೀರು ತುಂಬತೊಡಗಿತು. ಕೈಬಿಟ್ಟ ಗಣಿಯೆಂದರೆ ಖಾಲಿ ಕೋಣೆಯಲ್ಲ, ನಿರಂತರವಾಗಿ ಬದಲಾಗುತ್ತಿರುವ ಪೊಳ್ಳು ಎಂಬುದಕ್ಕೆ ಇದು ನಿದರ್ಶನ.

ಹಳೆಗಣಿಗಳ ನಕ್ಷೆಯ ಅಗತ್ಯ

ಹಳೆಗಣಿಗಳನ್ನು ಅಳೆದು ನಕ್ಷೆ ಮಾಡುವುದು ಕೇವಲ ಕುತೂಹಲದ ವಿಷಯವಲ್ಲ, ಜೀವರಕ್ಷಣೆಯ ವಿಷಯ. 1975ರ ಡಿಸೆಂಬರ್ 27ರಂದು ಧನಬಾದ್ ಸಮೀಪದ ಚಾಸನಾಲಾ ಕಲ್ಲಿದ್ದಲು ಗಣಿಗೆ ಹಳೆಯ ಅಗೆತದಲ್ಲಿ ನಿಂತಿದ್ದ ನೀರು ಒಮ್ಮೆಲೇ ನುಗ್ಗಿದ್ದರಿಂದ 370ಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಕಳೆದುಕೊಂಡರು. 2018ರ ಡಿಸೆಂಬರ್‌ನಲ್ಲಿ ಮೇಘಾಲಯದ ಕ್ಸಾನ್ ಎಂಬಲ್ಲಿ ಕಿರುಸುರಂಗದ ಕಲ್ಲಿದ್ದಲು ಗಣಿಯೊಂದಕ್ಕೆ ನೀರು ನುಗ್ಗಿ 15 ಮಂದಿ ಒಳಗೆ ಸಿಲುಕಿದರು. ಪೊಳ್ಳು ಎಲ್ಲಿದೆ, ಎಷ್ಟು ಆಳವಿದೆ, ಅದರಲ್ಲಿ ನೀರಿದೆಯೇ ಎಂಬ ತಿಳಿವಳಿಕೆ ಗಣಿ ಕಾರ್ಮಿಕರಿಗೂ, ಮೇಲೆ ಮನೆ ಕಟ್ಟುವವರಿಗೂ, ಕೊಳವೆಬಾವಿ ಕೊರೆಯುವವರಿಗೂ ಅಗತ್ಯವಾಗಿದೆ.

ಇನ್ನೊಂದೆಡೆ ಹೊಸ ಗಣಿಗಾರಿಕೆಯೇ ಹಳೆಗಣಿಗಳನ್ನು ಅಳಿಸುತ್ತದೆ. ಪ್ರಾಚೀನರು ಅಗೆದ ರೀಫ್‌ನ ಉಳಿದ ಭಾಗದಲ್ಲಿಯೇ ಇಂದಿನ ಅದಿರೂ ಇರುವುದರಿಂದ, ಅದನ್ನು ತೆಗೆದಾಗ ಹಳೆಯ ಗೋಡೆಗಳು ಇಲ್ಲವಾಗುತ್ತವೆ. ನಿಧಿಯ ಆಸೆಯಿಂದ ಅಗೆಯುವವರಿಂದಲೂ, ಜಲ್ಲಿಗಾಗಿ ಬಂಡೆ ಒಡೆಯುವುದರಿಂದಲೂ ಒರಳುಕುಳಿಗಳು ಮತ್ತು ಬಂಡೆಚಿತ್ರಗಳು ನಾಶವಾಗುವ ಭಯವಿದೆ. ಅಳಿಯುವ ಮುನ್ನ ಅಳತೆ, ಛಾಯಾಚಿತ್ರ ಮತ್ತು ವಿವರಣೆಗಳನ್ನು ದಾಖಲಿಸುವುದು ಉಳಿದಿರುವ ಮುಖ್ಯ ಮಾರ್ಗವಾಗಿದೆ.

ಅಪಾಯಗಳು

ಹಳೆಗಣಿಯ ಮೊದಲ ಅಪಾಯ ಕಣ್ಣಿಗೆ ಕಾಣದ ಗಾಳಿ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 20.9. ಭಾರತದ ಲೋಹಗಣಿ ನಿಯಮಗಳ ಪ್ರಕಾರ ಕೆಲಸದ ಸ್ಥಳದಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕಡಿಮೆಯಿರಬಾರದು, ಇಂಗಾಲದ ಡೈಆಕ್ಸೈಡ್ ಶೇ. 0.5ಕ್ಕಿಂತ ಹೆಚ್ಚಿರಬಾರದು. ಕೈಬಿಟ್ಟ ಗಣಿಯಲ್ಲಿ ಪೈರೈಟ್ ತುಕ್ಕುಹಿಡಿಯುವಾಗಲೂ ಮರ ಕೊಳೆಯುವಾಗಲೂ ಆಮ್ಲಜನಕ ವ್ಯಯವಾಗುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ. ಹಾಳುಬಾವಿಗೆ ಇಳಿದವರೊಬ್ಬರು ಪ್ರಜ್ಞೆ ತಪ್ಪಿದಾಗ ಅವರನ್ನು ಎತ್ತಲು ಇಳಿದವರೂ ಬೀಳುವುದು ಇದೇ ಕಾರಣದಿಂದ.

ದೀಪ ಉರಿಯುತ್ತಿದ್ದರೆ ಗಾಳಿ ಸರಿಯಾಗಿದೆ ಎಂಬ ನಂಬಿಕೆ ರೂಢಿಯಲ್ಲಿದೆ. ಇದು ಪೂರ್ಣ ಸತ್ಯವಲ್ಲ. ಮೇಣದಬತ್ತಿ ಆರುವುದು ಆಮ್ಲಜನಕ ಸುಮಾರು ಶೇ. 16–17ಕ್ಕೆ ಇಳಿದಾಗ, ಅಷ್ಟರೊಳಗೆ ಮನುಷ್ಯನ ವಿವೇಚನೆ ಮಂಕಾಗತೊಡಗಿರುತ್ತದೆ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮುಂತಾದ ವಿಷಾನಿಲಗಳನ್ನು ದೀಪ ತೋರಿಸಲಾರದು. ಅನಿಲಮಾಪಕ ಯಂತ್ರವೇ ಇದಕ್ಕೆ ಸರಿಯಾದ ಸಾಧನ.

ಎರಡನೆಯ ಅಪಾಯ ಕುಸಿತ. ಕಡಿದಾಗಿ ಇಳಿಯುವ ರೀಫ್ ತೆಗೆದ ಮೇಲೆ ಎರಡೂ ಬದಿಯ ಗೋಡೆಗಳು ಆಧಾರ ಕಳೆದುಕೊಂಡಿರುತ್ತವೆ. ಆಸರೆಗೆ ಕೊಟ್ಟ ಮರ ಮೇಲೆ ಗಟ್ಟಿಯಾಗಿ ತೋರಿದರೂ ಒಳಗೆ ಲೊಡ್ಡಾಗಿರಬಹುದು. ಕಾಲಡಿಯ ನೆಲವೆಂದು ತೋರುವುದು ಕೆಳಗಿನ ಪೊಳ್ಳಿನ ಮೇಲೆ ಸಿಕ್ಕಿಕೊಂಡ ಕಸಕಲ್ಲಿನ ಪದರವಾಗಿರಬಹುದು. ಮೂರನೆಯದು ನೀರು; ಆಳ ತಿಳಿಯದ ನಿಂತನೀರು ಆರ್ಸೆನಿಕ್‌ನಂತಹ ವಿಷಾಂಶಗಳನ್ನೂ ಹೊಂದಿರಬಹುದು. ನಾಲ್ಕನೆಯದು ಜೀವಿಗಳು. ಬಾವಲಿಗಳ ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರದ ಕಣಗಳನ್ನು ಉಸಿರಾಡಿದರೆ ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತಗಲಬಹುದು. ಬಂಡೆಗವಿಗಳು ಹಾವು, ಚಿರತೆ ಮತ್ತು ಕರಡಿಗಳ ನೆಲೆಯೂ ಆಗಿರುತ್ತವೆ. ದರೋಜಿಯಲ್ಲಿ 1994ರಲ್ಲಿ ಸ್ಥಾಪಿತವಾದ ಕರಡಿಧಾಮವು ಇಂತಹ ಗ್ರಾನೈಟ್ ಗುಡ್ಡಗಳ ಪ್ರದೇಶದಲ್ಲಿಯೇ ಇದೆ.

ಕಾನೂನು

ಗಣಿ ಪ್ರದೇಶಗಳನ್ನು ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ರಕ್ಷಿತ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ವ ಸ್ಥಳಗಳ ಕಾಯ್ದೆ ರಕ್ಷಣೆ ನೀಡುತ್ತದೆ. ಬಂಡೆಯ ಮೇಲೆ ಹೆಸರು ಕೆತ್ತುವುದು ಸಹ ಶಿಕ್ಷಾರ್ಹ. ನೆಲದಲ್ಲಿ ನಿಧಿ ದೊರೆತರೆ ಅಧಿಕಾರಿಗಳಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ವಿಧಿಸುತ್ತದೆ. ವನ್ಯಜೀವಿಗಳ ನೆಲೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಅಧ್ಯಯನದ ಕ್ರಮ

ಹಳೆಗಣಿಯ ಒಳಗೆ ಇಳಿಯದೆಯೂ ಬಹಳಷ್ಟನ್ನು ತಿಳಿಯಬಹುದು. ಗಣಿಬಾಯಿಯ ಉದ್ದ ಅಗಲ, ಅದು ಸಾಗುವ ದಿಕ್ಕು, ಸುತ್ತಲಿನ ಶಿಲೆಯ ಬಗೆ, ಮಣ್ಣಿನ ಬಣ್ಣ, ದಿಬ್ಬದಲ್ಲಿನ ಕಲ್ಲುಚೂರುಗಳು, ಸಮೀಪದ ಒರಳುಕುಳಿಗಳ ಸಂಖ್ಯೆ ಮತ್ತು ಆಳ ಇವೆಲ್ಲವನ್ನೂ ದಿಕ್ಸೂಚಿ, ಅಳತೆಪಟ್ಟಿ ಮತ್ತು ಟಿಪ್ಪಣಿ ಪುಸ್ತಕಗಳಿಂದ ದಾಖಲಿಸಬಹುದು. ದುರ್ಬಲ ಅಂಚಿನಿಂದ ದೂರ ನಿಲ್ಲುವುದು ಮೊದಲ ನಿಯಮ. ಒಳಗಿನ ಪರಿಶೀಲನೆಯು ಅನುಮತಿ ಪಡೆದ, ತರಬೇತಿ ಹೊಂದಿದ ತಂಡದ ಕೆಲಸ. ಅಂತಹ ತಂಡದಲ್ಲಿ ಕನಿಷ್ಠ ಮೂರು ನಾಲ್ಕು ಮಂದಿ, ತಲೆಗೆ ಗಟ್ಟಿಟೋಪಿ, ಪ್ರತಿಯೊಬ್ಬರ ಬಳಿ ಒಂದಕ್ಕಿಂತ ಹೆಚ್ಚು ದೀಪ, ಅನಿಲಮಾಪಕ, ಮತ್ತು ಮರಳುವ ವೇಳೆಯನ್ನು ತಿಳಿದು ಹೊರಗೆ ಕಾಯುವ ವ್ಯಕ್ತಿ ಇರಬೇಕು.

ದೊರೆತ ಮಡಕೆಚೂರು, ಇದ್ದಿಲು, ಕಲ್ಲಿನ ಉಪಕರಣಗಳನ್ನು ಇದ್ದಲ್ಲಿಯೇ ಬಿಟ್ಟು ಚಿತ್ರ ತೆಗೆದು ಪುರಾತತ್ವ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ. ಇದ್ದಿಲಿನ ತುಂಡು ಯಾವ ಪದರದಲ್ಲಿತ್ತೆಂಬುದು ತಿಳಿಯದಿದ್ದರೆ ಅದರ ಕಾಲವನ್ನು ನಿರ್ಣಯಿಸಿದರೂ ಗಣಿಯ ಕಾಲ ತಿಳಿಯದು. ವಸ್ತುವಿಗಿಂತ ಅದರ ಸ್ಥಾನವೇ ಹೆಚ್ಚು ಬೆಲೆಯುಳ್ಳದ್ದು.

ಸುರಂಗಗಳ ಒಳನೋಟವನ್ನು ಬಯಸುವವರಿಗೆ ಪ್ರವಾಸಿಗರಿಗೆ ತೆರೆದಿರುವ ಬೇಲಂ ಗುಹೆಯೂ, ಮನುಷ್ಯನಿರ್ಮಿತ ಸುರಂಗಕ್ಕೆ ಉದಾಹರಣೆಯಾಗಿ ಬೀದರ್ ಸಮೀಪದ ನೌಬಾದಿನಲ್ಲಿರುವ ಬಹಮನಿ ಕಾಲದ ಕರೇಜ್ ಎಂಬ ನೀರಿನ ಸುರಂಗವೂ ತಿಳಿವಳಿಕೆ ನೀಡುತ್ತವೆ. ನೌಬಾದಿನಲ್ಲಿ ಮೇಲಿನ ಜಂಬಿಟ್ಟಿಗೆ ಪದರದಿಂದ ಇಳಿದ ನೀರು ಕೆಳಗಿನ ಬಸಾಲ್ಟ್ ತಡೆಯಿಂದ ಸುರಂಗದಲ್ಲಿ ಸಂಗ್ರಹವಾಗಿ ಹರಿಯುತ್ತದೆ. ಶಿಲೆಯ ಗುಣವನ್ನು ಅರಿತು ಸುರಂಗ ತೋಡಿದ್ದಕ್ಕೆ ಇದು ಸಾಕ್ಷಿ.

ಮಹತ್ವ

ಒಂದೇ ನೆಲದಲ್ಲಿ 250 ಕೋಟಿ ವರ್ಷಗಳ ಹಿಂದಿನ ಚಿನ್ನ, ನವಶಿಲಾಯುಗದ ಬಂಡೆಚಿತ್ರ, ಮೌರ್ಯರ ಶಾಸನ, ಎರಡು ಸಾವಿರ ವರ್ಷ ಹಳೆಯ ಗಣಿ ಮತ್ತು ಇಂದಿಗೂ ದುಡಿಯುತ್ತಿರುವ ಶಾಫ್ಟ್ ಇವೆಲ್ಲವೂ ಇರುವುದು ಹಟ್ಟಿ–ಮಸ್ಕಿ ಪ್ರದೇಶದ ವೈಶಿಷ್ಟ್ಯ. ಇವು ಪರಸ್ಪರ ಬೇರೆಯಲ್ಲ. ಶಿಲೆಯ ರಚನೆಯಿಂದ ಚಿನ್ನ, ಚಿನ್ನದಿಂದ ಗಣಿ, ಗಣಿಗಳ ಶೋಧದಿಂದ ಹೊಸ ಗಣಿ, ಶಿಲೆಗಳ ಅನ್ವೇಷಣೆಯಿಂದ ಪ್ರಾಗೈತಿಹಾಸ ಹೀಗೆ ಒಂದು ಇನ್ನೊಂದಕ್ಕೆ ದಾರಿಯಾಗಿದೆ. ಮಸ್ಕಿಯ ಶಾಸನವಿರುವ ಬಂಡೆ ಇಂದು ಸಂರಕ್ಷಿತವಾಗಿದೆ. ಆದರೆ ಹಟ್ಟಿಯ ಆಳದಲ್ಲಿ ದುಡಿದ ಅನಾಮಿಕರು ಬಿಟ್ಟುಹೋದ ಗುರುತುಗಳಲ್ಲಿ ಬಹುಪಾಲು ಅಂತಹ ರಕ್ಷಣೆಯನ್ನು ಪಡೆದಿಲ್ಲ. ಅವುಗಳ ದಾಖಲಾತಿಯು ಸ್ಥಳೀಯ ಶಾಲೆ, ಕಾಲೇಜು ಮತ್ತು ಸಂಶೋಧಕರು ಕೂಡಿ ಕೈಗೊಳ್ಳಬೇಕಾದ ಕಾರ್ಯವಾಗಿದೆ.